ಕಿವಿಗೆ ಬಿದ್ದ ಮೇಲೆ

ಎಡವಟ್ಟಾದದ್ದು ಮಯೂರ್ ವಿಹಾರಿನಲ್ಲಿ, ಮಾವನ ಮನೆಯ ಭಾನುವಾರದ ಊಟದಲ್ಲಿ. ಮಾವನೆಂದರೆ ಸಂಯುಕ್ತಾಳ ತಾಯಿಯ ತಮ್ಮ ಶ್ರೀವತ್ಸ, ನೋಯ್ಡಾದಲ್ಲಿ ಗ್ರಾಫಿಕ್ಸ್ ಚಿಪ್ ಮಾಡುವ ಕಂಪನಿಯೊಂದರ ಎಂಜಿನಿಯರ್. ಸಂಯುಕ್ತಾ ಹೌಜ್ ಖಾಸಿನ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತ, ಅದೇ ಕಂಪನಿಯ ಚಿಪ್ಪಿಗೆ ಲಿನಕ್ಸ್ ಡ್ರೈವರನ್ನು, ಅಂದರೆ ಲಿನಕ್ಸ್ ಕಂಪ್ಯೂಟರಿನಲ್ಲಿ ಆ ಚಿಪ್ಪನ್ನು ನಡೆಸುವ ತಂತ್ರಾಂಶವನ್ನು, ಪುಕ್ಕಟೆಯಾಗಿ ಬರೆಯುವ ಗುಂಪಿನಲ್ಲಿದ್ದಳು. ಚಿಪ್ಪಿನ ಒಳಗುಟ್ಟನ್ನು ಕಂಪನಿ ಯಾರಿಗೂ ಬಿಟ್ಟುಕೊಡುವುದಿಲ್ಲ. ಹಾಗಾಗಿ ಇವರು ಚಿಪ್ಪಿಗೆ ಏನಾದರೊಂದು ಹೇಳುವುದು, ಅದೇನು ಮಾಡುತ್ತದೆಂದು ನೋಡುವುದು, ಮತ್ತೆ ಹೇಳುವುದು. ಮಾತು ಬಾರದ ಕೂಸಿಗೆ ನೋವೆಲ್ಲಿದೆಯೆಂದು ಹೊಟ್ಟೆ ಒತ್ತಿ ನೋಡಿದ ಹಾಗೆ.

ಗುಂಪಿನಲ್ಲೊಂದು ಕಟ್ಟುನಿಟ್ಟಿತ್ತು. ಕಂಪನಿಯ ಒಳಗಿನ ಮಾತು ಯಾರ ಕಿವಿಗೆ ಬಿತ್ತೋ ಅವರು ಆ ಭಾಗವನ್ನು ಮುಟ್ಟಕೂಡದು. ಕದ್ದದ್ದೆಂದು ಕಂಪನಿ ಕೋರ್ಟಿಗೆ ಹೋದರೆ ಎಲ್ಲರ ದುಡಿಮೆಯೂ ಮಣ್ಣುಪಾಲು.

"ಏನೇ, ಇಷ್ಟು ಇಳಿದುಹೋಗಿದ್ದೀಯ?" ಎಂದರು ಮಾವ.

ಲ್ಯಾಪ್‌ಟಾಪು ಒಮ್ಮೆ ನಿದ್ದೆಹೋದರೆ ಎದ್ದೇನೋ ಏಳುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ, ತಿಂಗಳುಗಟ್ಟಲೆ ಇದೇ ಗೋಳು ಎಂದಳು. ಹೇಳಬಾರದಿತ್ತು. ಮಾವನ ಮನೆಯ ಊಟದಲ್ಲಿ ಯಾರು ತೂಗಿ ಮಾತಾಡುತ್ತಾರೆ?

"ಅಚ್ಛಾ, ಅದಾ! ಮೊದ್ಲು ಮೆಮೊರೀನ ಎಬ್ಬಿಸ್ಬೇಕು ಕಣೇ, ಆಮೇಲೆ..."

"ಮಾವ, ಬೇಡ!" ಸಾರನ್ನದ ಕೈಯನ್ನೇ ಕಿವಿಗೆ ಒತ್ತಿಕೊಂಡಳು. ತಡವಾಗಿತ್ತು.

ಲೀಲಾ ಅತ್ತೆ ಟವೆಲ್ ತಂದರು. "ರೀ, ಹುಡುಗಿಗೆ ಏನಂದ್ರಿ?"

"ಸಹಾಯ ಮಾಡ್ದೆ, ಅಷ್ಟೆ! ಯಾರಿಗೆ ಗೊತ್ತಾಗತ್ತೆ?"

"ಗೊತ್ತಾದ್ರೆ ನಿಮ್ಮ ಕೆಲ್ಸಾನೂ ಹೋಗತ್ತೆ ಮಾವ, ನಮ್ಮ ಡ್ರೈವರೂ ಹೋಗತ್ತೆ."

ಮಾವ ಮಜ್ಜಿಗೆಗೆ ಕೈಚಾಚಿದರು. "ಇನ್ಮೇಲೆ ನಿನ್ನ ಊಟಕ್ಕೆ ಕರೀಬೇಕಾದ್ರೂ ವಕೀಲರನ್ನ ಕೇಳ್ಬೇಕೇನೋ."

ಮರುದಿನ ಅವಳು ಗುಂಪಿಗೆ ಬರೆದಳು: ಕೇಳಬಾರದ್ದು ಕೇಳಿದೆ, ಪರದೆ ಎಬ್ಬಿಸುವ ಭಾಗ ಇನ್ನು ನನ್ನದಲ್ಲ. ಯಾರಿಂದ ಕೇಳಿದೆನೆಂದು ಬರೆಯಲಿಲ್ಲ. ಇಡೀ ಡ್ರೈವರಿನಲ್ಲಿ ತನ್ನ ಹೆಸರಿರಲಿ ಎಂದು ಅವಳು ಆಸೆಪಟ್ಟಿದ್ದು ಆ ಭಾಗದ ಮೇಲೆಯೇ. ಅದೀಗ ಧಾರಿಣಿಯ ಪಾಲಾಯಿತು. ಪೀತಮ್‌ಪುರಾದಲ್ಲೇ ಹುಟ್ಟಿ ಬೆಳೆದ ಕನ್ನಡತಿ ಧಾರಿಣಿ ಗುಂಪಿನಲ್ಲೂ ಇದ್ದಳು, ಲ್ಯಾಬಿನಲ್ಲಿ ಪಕ್ಕದ ಮೇಜಿನಲ್ಲೂ ಇದ್ದಳು. ಅದೇ ಫಜೀತಿ.

"ಪವರ್ ಕೊಟ್ಟೆ, ಕ್ಲಾಕ್ ಸಿಗ್ನಲ್ ಕೊಟ್ಟೆ, ಫಿರ್ ಭೀ, ಆದ್ರೂ ಪರದೆ ಕಪ್ಪು," ಎಂದು ಧಾರಿಣಿ ಒಂದು ದಿನ ಗೊಣಗಿದಳು. "ಇದಕ್ಕೇನು ಆರತಿ ಎತ್ತಬೇಕಾ? ಕ್ಲಾಕೇ ಮೊದ್ಲು ಕೊಟ್ಟು ನೋಡ್ಲಾ?"

ಸಂಯುಕ್ತಾಳ ತುಟಿಯಂಚು ತಾನಾಗಿ ಸೊಟ್ಟಗಾಯಿತು.

"ಏಯ್! ಆಮೇಲೆ ನಿನ್ನ ಮುಖ ಓದಿ ಬರೆದೆ ಅಂತಾರೆ. ಆ ಕಡೆ ತಿರುಗು."

ಸಂಯುಕ್ತಾ ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡಳು. ಅಂದಿನಿಂದ ಅವಳು ಕೂರುವುದು ಹಾಗೆಯೇ. ಬೆನ್ನ ಹಿಂದೆ ಲ್ಯಾಪ್‌ಟಾಪು ಮುಚ್ಚುವ ಸದ್ದು, ತೆರೆಯುವ ಸದ್ದು, ಹಿಂದಿಯಲ್ಲಿ ಬೈಗುಳ. ಒಂದು ಮಧ್ಯಾಹ್ನ ಬೈಗುಳ ಬರಲಿಲ್ಲ.

"ಬಂತು! ಸಂಯುಕ್ತಾ, ಪರದೆ ಬಂತು ಕಣೇ!"

ಸಂಯುಕ್ತಾ ಗೋಡೆಯನ್ನೇ ನೋಡುತ್ತ ಕೇಳಿದಳು, "ತಿರುಗಬಹುದಾ?"