ಹೇಳದೆ ಕೇಳದೆ

‘ಅಳಿಸಲೇ?’ ಎಂದು ಯಂತ್ರ ಕೇಳಲಿಲ್ಲ. ಕೇಳಕೂಡದೆಂದೇ ವಸಂತಕುಮಾರ್ ಅದನ್ನು ಪಳಗಿಸಿದ್ದ. ಸಿಡಿ ಒಂದು, ಫ್ಲಾಪಿ ಒಂದು. ಎರಡನ್ನೂ ತುರುಕಿ ಗುಂಡಿ ಒತ್ತಿದರೆ, ಹಳೆಯದನ್ನೆಲ್ಲ ಒರೆಸಿ ಲಿನಕ್ಸ್ ಕೂರಿಸಿಕೊಂಡು ಎಂಥ ಪೆಟ್ಟಿಗೆಯೂ ಸರ್ವರ್ ಆಗಿ ಏಳುತ್ತಿತ್ತು. ಮೊದಲಾದರೆ ಹೆಜ್ಜೆಹೆಜ್ಜೆಗೂ ಪ್ರಶ್ನೆ: ಯಾವ ಭಾಷೆ, ಯಾವ ಕೀಬೋರ್ಡು, ಯಾವ ಡಿಸ್ಕು. ಉತ್ತರಗಳನ್ನೆಲ್ಲ ಮುಂಚೆಯೇ ಫ್ಲಾಪಿಯೊಳಗೆ ಬರೆದಿಡಲು ಅವನಿಗೆ ಒಂದು ಮಳೆಗಾಲ ಹಿಡಿದಿತ್ತು.

"ಎದ್ದಿತು ಸಾರ್," ಎಂದಳು ಮಣಿಮೇಗಲೈ, ತಮಿಳಿನಲ್ಲಿ. ಅವನ ಜೊತೆ ಕೆಲಸ ಮಾಡುವವಳು. ಆಮೇಲೆ ಒಳಕೋಣೆಯ ಕಡೆ ತಿರುಗಿ, "ಅಣ್ಣಾ, ಇದೂ ಎದ್ದುಬುಡ್ತು!" ಅಂದಳು. ಇದು ಕನ್ನಡ.

ವಸಂತಕುಮಾರನ ಬೆನ್ನು ಎಂದಿನಂತೆ ಕಿವಿಯಾಯಿತು.

ತಮಿಳುನಾಡಿನ ತೇನಿಯ ಕಂಬಂ ರಸ್ತೆಯಲ್ಲಿ, ಗೊಬ್ಬರದಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು ರಂಗಸಾಮಿಯ ಕಂಪ್ಯೂಟರ್ ಕಂಪನಿ. ರಂಗಸಾಮಿ, ಮಣಿಮೇಗಲೈ ಇಬ್ಬರೂ ಮಾರ್ಕಯನ್‌ಕೋಟ್ಟೈ ಕಡೆಯವರು. ಅವರ ಮನೆಮಾತು, ಯಾವ ಕಾಲದಲ್ಲೋ ಬಂದು ಬೇರುಬಿಟ್ಟವರ ಅರ್ಧ ತಮಿಳಾದ ಕನ್ನಡ. ವಸಂತಕುಮಾರನ ಮನೆಯಲ್ಲೂ ಅದೇ. ದಿಂಡಿಗಲ್ಲಿನಲ್ಲಿ ತಾಯಿ ಅಳಗಮ್ಮಾಳ್ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತ ಬೆಳೆದವನು ಅವನು.

ಕೆಲಸ ಕೇಳಿಕೊಂಡು ಬಂದ ದಿನ, "ಅಂಗಿ ನೋಡಿದ್ರೆ ಜೋರು, ಮೋರೆ ನೋಡಿದ್ರೆ ಪಾಪ, ಪಾವಂ," ಎಂದು ಮಣಿಮೇಗಲೈ ಅವನೆದುರೇ ರಂಗಸಾಮಿಗೆ ಹೇಳಿದ್ದಳು. ಆಗ ನಗಬೇಕಿತ್ತು. ನನಗೂ ಈ ಮಾತು ಬರುತ್ತೆ ಅನ್ನಬೇಕಿತ್ತು. ಅನ್ನಲಿಲ್ಲ. ಮರುದಿನ ಅನ್ನುವುದು ಇನ್ನೂ ಕಷ್ಟವಾಯಿತು. ವರ್ಷ ಕಳೆದ ಮೇಲೆ ಅದು ಬರಿಯ ಮೌನವಾಗಿ ಉಳಿದಿರಲಿಲ್ಲ, ಕಳ್ಳತನವಾಗಿತ್ತು. ಕದ್ದದ್ದಾದರೂ ಏನು? ಕಾಫಿಗೆ ಸಕ್ಕರೆ ಹೆಚ್ಚಾಯಿತೆಂಬುದು. ದ್ರಾಕ್ಷಿಗೆ ಬೂದಿರೋಗ ತಗುಲಿತೆಂಬುದು. ತಾನು ಬಲು ಜಾಣನೆಂಬುದು. ಇಷ್ಟೇ ಇರಲಾರದು ಎಂದು ಅವನಿಗೆ ಅನ್ನಿಸುತ್ತಿತ್ತು. ಇಷ್ಟು ಒಳ್ಳೆಯ ಮಾತಾಡುವವರು ಕೆಟ್ಟದ್ದನ್ನು ಎಲ್ಲಿ ಬಚ್ಚಿಟ್ಟಿದ್ದಾರೆ?

ರಂಗಸಾಮಿ ಟೀ ಲೋಟ ಹಿಡಿದು ಹೊರಬಂದ. ಎದ್ದ ಯಂತ್ರವನ್ನು ನೋಡಿದ. "ಭೇಷ್ ತಂಬಿ," ಎಂದು ತಮಿಳಿನಲ್ಲಿ ಅವನ ಭುಜ ತಟ್ಟಿದ. ಮಣಿಮೇಗಲೈಗೆ ಕನ್ನಡದಲ್ಲಿ ಹೇಳಿದ: "ಇನ್ನು ಇವ ಬ್ಯಾಡ. ನಾಳೆ ಆಂಡಿಪಟ್ಟಿ ಗಿರಾಕಿಗೆ ಸಿಡಿ, ಫ್ಲಾಪಿ ನೀನೇ ತಗೊಂಡೋಗಿ ಹಾಕು."

"ಪಾವಂ. ಇವತ್ತೇ ಹೇಳ್ಬ್ಯಾಡಿ ಅಣ್ಣಾ," ಅಂದಳು ಅವಳು.

ವಸಂತಕುಮಾರ್ ಪರದೆ ನೋಡುತ್ತಲೇ ಇದ್ದ. ಬಚ್ಚಿಟ್ಟ ಕೆಟ್ಟದ್ದು ಅಂತೂ ಸಿಕ್ಕಿತು: ತನ್ನನ್ನು ಕೆಲಸದಿಂದ ತೆಗೆಯುತ್ತಾರೆ. ಎದೆ ಒಡೆಯಬೇಕಿತ್ತು, ಬದಲಿಗೆ ಒಂದು ಬಗೆಯ ನೆಮ್ಮದಿಯಾಯಿತು. ಏನನ್ನೂ ಕೇಳದ ಯಂತ್ರವನ್ನು ಮಾಡಿಕೊಟ್ಟವನನ್ನು ಇನ್ನು ಯಾರು ಏನು ಕೇಳಬೇಕು?

ಮಧ್ಯಾಹ್ನ ಅವರಿಬ್ಬರೂ ಒಳಗೆ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಅವನು ಎರಡನೆಯ ಫ್ಲಾಪಿಯೊಂದನ್ನು ತಯಾರು ಮಾಡಿದ. ಒಂದೇ ಒಂದು ಸಾಲು ತಿದ್ದಿದ. ‘ಮೊದಲ ಡಿಸ್ಕನ್ನು ಅಳಿಸು’ ಎಂದಿದ್ದದ್ದು ‘ಇರುವ ಡಿಸ್ಕುಗಳನ್ನೆಲ್ಲ ಅಳಿಸು’ ಎಂದಾಯಿತು. ನಾಳೆ ಆಂಡಿಪಟ್ಟಿಯಲ್ಲಿ ಅವಳು ಗುಂಡಿ ಒತ್ತಲಿ. ಆಮೇಲೆ ಫೋನು ಬರುತ್ತದೆ. ಆಗ ಬೇಕಾಗುತ್ತೇನೆ. ತಿದ್ದಿದ್ದನ್ನು ಮೇಜಿನ ಮೇಲಿಟ್ಟು, ಸರಿಯಾದದ್ದನ್ನು ಜೇಬಿಗೆ ಹಾಕಿಕೊಂಡು ಕೈ ತೊಳೆಯಲು ಹಿಂದುಗಡೆ ಹೋದ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಸೋಪು ಹಚ್ಚಿ ಎರಡು ಸಲ ತೊಳೆದ.

"ವಸಂತಾ, ಬಾ, ಉಣ್ಣು," ಎಂದು ರಂಗಸಾಮಿ ಕರೆದ.

ಕನ್ನಡದಲ್ಲಿ.

ಅವನು ಬಾಗಿಲಲ್ಲೇ ನಿಂತ.

"ನಿಮ್ಮವ್ವ ಫೋನ್ ಮಾಡಿದ್ರು. ಮಗ ಉಂಡನಾ ಅಂತ ಕೇಳಿದ್ರು. ಉಣ್ತಾವ್ನೆ ಅಂದೆ," ಎಂದು ನಕ್ಕ ರಂಗಸಾಮಿ. "ಎಷ್ಟು ದಿನ ಅಂತ ನಾಟಕ ಆಡಾದು? ಅವರು ನೀನು ಸೇರಿದ ವಾರಾನೇ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಿದ್ರು. ಆವತ್ತೇ ಗೊತ್ತಾಯ್ತು."

"ನಿಮಗೆ ಹೇಳೋಕೆ ಇಷ್ಟ ಇಲ್ಲ, ಯಾಕೆ ಮುಜುಗರ ಮಾಡೋದು ಅಂತ ಸುಮ್ಕಿದ್ವಿ," ಎಂದಳು ಮಣಿಮೇಗಲೈ.

ವರ್ಷವಿಡೀ ಕದ್ದದ್ದೆಲ್ಲ ಅವರು ಬೇಕೆಂದೇ ಇಟ್ಟದ್ದು. ಹಾಗಾದರೆ ನಿಜವಾದ ಮಾತುಗಳನ್ನು ಎಲ್ಲಿ ಆಡಿಕೊಂಡರು? ಬಸ್ಸಿನಲ್ಲೇ? ಊರಿನಲ್ಲೇ?

"ಬೆಳಿಗ್ಗೆ... ‘ಇವ ಬೇಡ’ ಅಂದಿರಲ್ಲ," ಎಂದ, ತಮಿಳಿನಲ್ಲಿ.

ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಆಂಡಿಪಟ್ಟಿಗೆ," ಎಂದ ರಂಗಸಾಮಿ. "ಆ ಬಿಸಿಲಲ್ಲಿ ನೀನ್ಯಾಕೆ ಅಲೆಯಾದು."

"ಇವತ್ತು ಹೇಳಬೇಡಿ ಅಂದದ್ದು?"

"ಅದು ಬೇರೆ," ಎಂದಳು ಮಣಿಮೇಗಲೈ. "ಮೊದ್ಲು ಉಣ್ಣಿ."

ಬೇರೆ ಎಂದರೆ ಏನೆಂದು ಅವನು ಕೇಳುವವನಿದ್ದ. ಅಷ್ಟರಲ್ಲಿ ಅವಳ ಬೆನ್ನ ಹಿಂದೆ, ಕಿಟಕಿಯ ಪಕ್ಕದ ಪರದೆ ನೀಲಿಯಾಗಿ ಉರಿಯುತ್ತಿರುವುದು ಕಂಡಿತು.

ಕಂಬಂನ ಡಾಕ್ಟರಮ್ಮನೊಬ್ಬರ ಯಂತ್ರ ಅದು. ಅದರಲ್ಲಿ ಎರಡು ಡಿಸ್ಕು. ಒಂದು ಹೊಸದು, ಲಿನಕ್ಸಿಗೆಂದು ಮೊದಲನೆಯದಾಗಿ ಹಾಕಿದ್ದು. ಇನ್ನೊಂದರಲ್ಲಿ ಅವರ ಹೆರಿಗೆ ಆಸ್ಪತ್ರೆಗೆ ಬಂದ ಹೆಂಗಸರೆಲ್ಲರ ವಿವರ: ಯಾರಿಗೆ ಯಾವ ಔಷಧಿ ಆಗುವುದಿಲ್ಲ, ಯಾರ ರಕ್ತ ಯಾವ ಗುಂಪು, ಯಾರಿಗೆ ಹೋದ ಸಲ ಏನಾಗಿತ್ತು. ಅದರ ನಕಲನ್ನು ಊಟವಾದ ಮೇಲೆ ಅವನೇ ತೆಗೆಯಬೇಕಿತ್ತು.

"ಅದನ್ನ ಯಾರು ಹಚ್ಚಿದ್ದು?" ತಮಿಳು.

"ನಾನೇ. ನೀವು ಕೈ ತೊಳೆಯೋಕೆ ಹೋದಾಗ ಮೇಜಿನ ಮೇಲಿದ್ದ ಫ್ಲಾಪಿ ಹಾಕಿದೆ. ನಿಮ್ಮದು ಹೊಸ ಡಿಸ್ಕನ್ನ ಮಾತ್ರ ತಾನೇ ಮುಟ್ಟೋದು?" ಎಂದಳು ಅವಳು.

ಪರದೆಯ ಮೇಲಿನ ಪಟ್ಟಿ ಅರ್ಧ ತುಂಬಿತ್ತು. ಈಗಲೇ ವಯರು ಕಿತ್ತರೆ? ಅಳಿಸುವ ಕೆಲಸ ಎಲ್ಲಕ್ಕಿಂತ ಮೊದಲಿನದೆಂದು ಅವನಿಗೆ ಗೊತ್ತಿತ್ತು. ಆ ಕ್ರಮ ಅವನದೇ. ಆದರೂ ಅಳಿಸಿದ್ದರಲ್ಲಿ ಅಷ್ಟಿಷ್ಟು ಎತ್ತಿಕೊಳ್ಳಬಹುದಿತ್ತು, ಈ ಕ್ಷಣ ನಿಲ್ಲಿಸಿದರೆ. ನಿಲ್ಲಿಸಿದರೆ ಯಾಕೆಂದು ಕೇಳುತ್ತಾರೆ. ಜೇಬಿನಲ್ಲಿದ್ದ ಫ್ಲಾಪಿ ಎದೆಗೆ ಚುಚ್ಚುತ್ತಿತ್ತು.

ಕೆಳಗೆ ರಸ್ತೆಯಲ್ಲಿ ಬಸ್ ಕಂಡಕ್ಟರೊಬ್ಬ ಊರಿನ ಹೆಸರು ಹಿಡಿದು ಬೋಡಿ, ಬೋಡಿ ಎಂದು ಕೂಗುತ್ತಿದ್ದ.

"ಯಾಕೆ ಹಂಗೆ ನಿಂತುಬುಟ್ರಿ? ಏನಾಯ್ತು?" ಎಂದು ಕೇಳಿದಳು ಮಣಿಮೇಗಲೈ.

ಅವನ ಬಾಯಿ ತೆರೆಯಿತು. ತಮಿಳು ಬರಲಿಲ್ಲ.

"ಏನಿಲ್ಲ," ಎಂದ.

ಆ ಮಾಳಿಗೆಯಲ್ಲಿ ಅವನು ಆಡಿದ ಮೊದಲ ಕನ್ನಡದ ಮಾತು. ರಂಗಸಾಮಿ ಎಂಜಲು ಕೈಯಲ್ಲೇ ಚಪ್ಪಾಳೆ ತಟ್ಟಿದ. ಮಣಿಮೇಗಲೈ ನಕ್ಕು ನಕ್ಕು, "ಇನ್ನೊಂದ್ಸಲ ಹೇಳಿ, ಇನ್ನೊಂದ್ಸಲ," ಎಂದು ಪೀಡಿಸಿದಳು. ಅವನು ಇನ್ನೊಂದು ಸಲ ಹೇಳಿದ. ಅವರು ಅವನ ತಟ್ಟೆಗೆ ಅನ್ನ ಬಡಿಸಿದರು.

ಕಿಟಕಿಯ ಪಕ್ಕದ ಯಂತ್ರ ತನ್ನ ಕೆಲಸ ಮುಗಿಸಿತು. ಒಮ್ಮೆ ಗೊರಗುಟ್ಟಿ, ಸಿಡಿ ಹೊತ್ತ ತಟ್ಟೆಯನ್ನು ಮೆಲ್ಲಗೆ ಹೊರಚಾಚಿತು, ವೈದ್ಯರ ಮುಂದೆ ರೋಗಿ ನಾಲಿಗೆ ಚಾಚುವ ಹಾಗೆ. ಯಾರೂ ಎದ್ದುಹೋಗಿ ನೋಡದಿದ್ದುದರಿಂದ, ಚಾಚಿಕೊಂಡೇ ಇತ್ತು.