ಖಾರದ ಕೈ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರು ಯಾರೂ ಅದರ ತುಂಬು ಬಿಡಿಸಿದವರಲ್ಲ. ಕಾಯಿಯ ತೊಟ್ಟಿಗೆ ನಾವು ತುಂಬು ಅನ್ನುತ್ತೇವೆ. ಬೆಳಗಿನಿಂದ ಸಂಜೆಯ ತನಕ ರಾಶಿಯ ಮುಂದೆ ಕೂತು ಅದನ್ನು ಮುರಿದು ಮುರಿದು ಒಗೆದರೆ, ಕಡಿಮೆ ಅನ್ನುವ ಆ ಖಾರ ಉಗುರಿನ ಸಂದಿಗೆ, ಬೆರಳಿನ ಗೆರೆಗಳಿಗೆ ಇಳಿದು ಅಲ್ಲೇ ಮನೆ ಮಾಡುತ್ತದೆ. ನಾನು ಮೂವತ್ತು ವರ್ಷ ಆ ಕೆಲಸ ಮಾಡಿದವಳು.

ನಮ್ಮ ಹೆಂಗಸರಲ್ಲಿ ಒಂದು ರೂಢಿ ಇತ್ತು. ಕೂಸನ್ನು ಎತ್ತಿಕೊಳ್ಳುವ ಮೊದಲು ಬೆರಳನ್ನು ನಮ್ಮದೇ ಕಣ್ಣಿನ ಕೆಳಗೆ ಒತ್ತಿ ನೋಡಬೇಕು. ಉರಿದರೆ ಮುಟ್ಟಬಾರದು, ಉರಿಯದಿದ್ದರೆ ಎತ್ತಿಕೊಳ್ಳಬಹುದು. ನಾನೂ ಹಾಗೇ ಮಾಡಿ ಮಗಳು ಶೈಲಾಳನ್ನು ಬೆಳೆಸಿದ್ದೆ.

2006ರ ಫೆಬ್ರವರಿ. ಆ ವಾರ ಆಂಧ್ರದ ಮಾಲು ಬಂದಿತ್ತು, ಅದರ ಖಾರವೇ ಬೇರೆ. ಬೆಳಗಿನ ಒಂಬತ್ತು ಗಂಟೆಗೆ, ನನ್ನ ಪಕ್ಕದಲ್ಲಿ ಕೂತು ತುಂಬು ಬಿಡಿಸುವ ಅಮೀರಬಿ ಫೋನ್ ಇದ್ದ ಅಂಗಡಿಯ ಕಡೆಯಿಂದ ಓಡಿ ಬಂದಳು.

"ಹೊನ್ನಕ್ಕಾ, ಏಳ ಲಗೂ. ಶೈಲಾಗ ಬ್ಯಾನಿ ಸುರು ಆಗ್ಯಾವಂತ. ರಾಣೆಬೆನ್ನೂರಿಂದ ಫೋನ್ ಬಂದೈತಿ."

"ಇನ್ನೂ ಏಳ ತಿಂಗಳಲ್ಲೇನ ಆಕಿಗೆ?" ಅಂದೆ, ಫೋನೇ ತಪ್ಪು ಹೇಳಿದೆ ಎಂಬಂತೆ.

"ಅದನ್ನ ಕೂಸಿಗೆ ಹೋಗಿ ಕೇಳು. ನಡಿ!"

ನಳದಲ್ಲಿ ಎರಡು ಸಲ ಸಾಬೂನು ಹಚ್ಚಿ ಕೈ ತೊಳೆದೆ. ಅಮೀರಬಿ ತನ್ನ ಡಬ್ಬಿಯ ಕೊಬ್ಬರಿ ಎಣ್ಣೆ ಸುರಿದಳು. ಬಸ್ಸಿನಲ್ಲಿ ಕೂತು ಕಣ್ಣಿನ ಕೆಳಗೆ ಬೆರಳು ಒತ್ತಿದೆ. ಉರಿಯಲಿಲ್ಲ. ಮೋಟೆಬೆನ್ನೂರು ದಾಟಿದ ಮೇಲೆ ಇನ್ನೊಂದು ಸಲ. ಉರಿಯಲಿಲ್ಲ.

ದವಾಖಾನೆ ಮುಟ್ಟುವುದರೊಳಗೆ ಹೆರಿಗೆ ಆಗಿಹೋಗಿತ್ತು. ಶೈಲಾಗೆ ರಕ್ತದೊತ್ತಡ ಏರಿ, ಮೈ ಸೆಟೆದು ಝಟಕಿ ಬಂದು, ಎಚ್ಚರ ಇರಲಿಲ್ಲ. ರಕ್ತ ಬೇಕೆಂದು ಅಳಿಯ ಶಂಭುಲಿಂಗ ದಾವಣಗೆರೆಗೆ ಹೋಗಿದ್ದ. ಹಾವೇರಿಯಿಂದ ಬಂದಿದ್ದ ಅವನ ತಾಯಿ ಉಡಚವ್ವ ಬಾಗಿಲ ಹೊರಗೆ ಬೆಂಚಿನ ಮೇಲೆ ಕೆಮ್ಮುತ್ತ ಕೂತಿದ್ದಳು.

"ಈಗ ಬಂದ್ರಿ?" ಅಂದಳು. ಬೀಗತಿಯ ಮಾತು ಹಾಗೇ.

ಡಾಕ್ಟರು ಹೊರಗೆ ಬಂದು ನಿಂತೇ ಹೇಳಿದರು. ಹೆಣ್ಣು ಕೂಸು, ತೂಕ ಒಂದೂವರೆ ಕಿಲೋ ಇಲ್ಲ, ಮೈ ತಣ್ಣಗೆ ಇದೆ. ಕೂಸನ್ನು ಬೆಚ್ಚಗೆ ಇಡುವ ಗಾಜಿನ ಪೆಟ್ಟಿಗೆ ಎರಡೇ, ಎರಡರಲ್ಲೂ ಕೂಸುಗಳಿವೆ, ಸಂಜೆಗೆ ಒಂದು ಖಾಲಿಯಾಗುತ್ತದೆ. "ಅಲ್ಲಿತನಕ ಯಾರರ ಬರೀ ಎದಿಮ್ಯಾಲೆ ಇಟ್ಟುಕೊಂಡು ಕುಂದ್ರಬೇಕು. ಮನುಷ್ಯಾರ ಮೈ ಬಿಸುಪಿಗೆ ಸರಿ ಯಾವ ಮಶೀನೂ ಇಲ್ಲ. ಏನೂ ಖರ್ಚಿಲ್ಲ ಇದಕ್ಕ, ಪುಕ್ಕಟ."

ಕೆಮ್ಮಿನ ಉಡಚವ್ವ ಆಗುವುದಿಲ್ಲ ಎಂದರು ಡಾಕ್ಟರು. ಉಳಿದವಳು ನಾನು.

ನರ್ಸು ಜಾಹೀದಾ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದಳು. ಕೈ ಚಾಚುವ ಮೊದಲು ಮತ್ತೆ ಕಣ್ಣಿಗೆ ಬೆರಳು ಒತ್ತಿದೆ. ಏನೂ ಇಲ್ಲ. ತಗೊಂಡೆ. ಮುಖ ನೋಡಬೇಕೆಂದು ಬಟ್ಟೆ ಸರಿಸುವಾಗ ಒಂದೇ ಒಂದು ಬೆರಳು ಗಲ್ಲಕ್ಕೆ ತಾಗಿತು. ಕೂಸು ಬೆಕ್ಕಿನ ಮರಿಯಂತೆ ಚೀರಿತು. ಬೆರಳು ತಾಗಿದ ಕಡೆ ಹುಣಸೆ ಬೀಜದಷ್ಟು ಕೆಂಪು ಎದ್ದಿತು.

"ಅತ್ತಷ್ಟೂ ಚಲೋ ಅಜ್ಜಿ," ಅಂದಳು ಜಾಹೀದಾ. "ಲಗೂ ಕುಪ್ಪಸ ಬಿಚ್ಚಿ ಕುಂದ್ರಿ."

ಉಡಚವ್ವ ಕತ್ತು ಚಾಚಿದಳು. "ಗಲ್ಲದ ಮ್ಯಾಲ ಅದೇನದು ಕೆಂಪಗ?"

ಆಗ ನನಗೆ ತಿಳಿಯಿತು. ಕೈಯಿಂದ ಖಾರ ಹೋಗಿರಲಿಲ್ಲ. ನನ್ನ ಕಣ್ಣಿಗೇ ಖಾರ ರೂಢಿಯಾಗಿತ್ತು. ಎಷ್ಟು ವರ್ಷದಿಂದಲೋ ಯಾರಿಗೆ ಗೊತ್ತು.

ಹೇಳಿದರೆ ಕೂಸನ್ನು ಕಸಿದುಕೊಳ್ಳುತ್ತಾರೆ, ಬೇರೆ ಎದೆ ಇಲ್ಲ, ಕೂಸು ತಣ್ಣಗಾಗುತ್ತದೆ. ಹೇಳದಿದ್ದರೆ ಈ ಕೈಯೇ ಅದರ ಕಣ್ಣಿಗೆ, ಬಾಯಿಗೆ ತಾಗುತ್ತದೆ. ಕೂಸನ್ನು ಹಿಂದಕ್ಕೆ ಚಾಚಿದೆ.

"ಸಿಸ್ಟರ, ತಗೋರಿ. ನನ್ನ ಕೈಯಾಗ ಖಾರ ಐತಿ."

ಜಾಹೀದಾ ಬಿರುಸಾಗಿ ಕೂಸು ತಗೊಂಡು, ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಗಲ್ಲ ಒರೆಸಿದಳು. ಉಡಚವ್ವ ಹಣೆ ಬಡಿದುಕೊಂಡಳು. "ನಮ್ಮ ಪಾಲಿಗೆ ಪುಕ್ಕಟ ಸಿಗೋದು ಅದೊಂದ ಇತ್ತು. ಅದಕ್ಕೂ ಖಾರ ಹಚ್ಚಿಕೊಂಡು ಬಂದ್ರಲ್ಲ! ಬಾಣಂತನ ಮಾಡೋ ಕೈಯೇನ ಇವು?"

ಈ ಕೈಗಳು ದುಡಿದದ್ದರಿಂದಲೇ ಶೈಲಾ ಹತ್ತನೇ ತರಗತಿ ಪಾಸಾದಳು ಎಂದು ಹೇಳಬಹುದಿತ್ತು. ಆದರೆ ಕೂಸಿನ ಅಂಗಾಲು ನೀಲಿಯಾಗುತ್ತಿತ್ತು.

"ಜಗಳ ಆಮ್ಯಾಲೆ," ಅಂದಳು ಜಾಹೀದಾ. "ಖಾರ ಇರೋದು ಕೈಯಾಗ. ಎದಿಯಾಗ ಇಲ್ಲಲ್ಲ? ಜಳಕ ಮಾಡಿ ಬರ್ರಿ. ಕೈಗೆ ನಾ ಗ್ಲೌಸ್ ಹಾಕತೇನಿ."

ಉಡಚವ್ವ ಗೊಣಗುತ್ತಲೇ ತನ್ನ ಚೀಲದಿಂದ ಮಡಿಸಿಟ್ಟ ಸೀರೆ ತೆಗೆದು ಕೊಟ್ಟಳು. ಜಾಹೀದಾಳೇ ಮಗ್ಗಿನಿಂದ ನೀರು ಹಾಕಿ ನನ್ನ ಎದೆ, ಕುತ್ತಿಗೆ ತಿಕ್ಕಿದಳು. ಮೊಣಕೈ ತನಕ ರಬ್ಬರಿನ ಗವಸು ಏರಿಸಿದಳು. ಕೂಸನ್ನು ನನ್ನ ಎದೆಗೆ ಬಟ್ಟೆಯಿಂದ ಕಟ್ಟಿ ಹೇಳಿದಳು: "ಒಂದು ಕೈ ತಲಿ ಹಿಂದ ಇರಲಿ. ಕತ್ತು ಬಾಗಿತಂದ್ರ ಉಸಿರು ಕಟ್ಟತೈತಿ. ಇಂಥಾ ಕೂಸು ಒಮ್ಮೊಮ್ಮೆ ಉಸಿರಾಡೋದು ಮರೀತಾವ. ಮರತ್ರ ಅಂಗಾಲಿಗೆ ತಟ್ಟರಿ. ಕೈ ತೆಗೀಬ್ಯಾಡ್ರಿ."

ಎದೆಯ ಮೇಲೆ ಕೆರೆಯ ಕಲ್ಲು ಇಟ್ಟಂತೆ ಇತ್ತು, ಅಷ್ಟು ತಣ್ಣಗೆ.

ಮೊದಲ ಅರ್ಧ ತಾಸು ಏನೂ ಅನಿಸಲಿಲ್ಲ. ಆಮೇಲೆ ಗವಸಿನೊಳಗೆ ಕೈಗಳು ಬೆವೆತವು. ಬೆವರಿಗೆ ಖಾರ ಬಿಚ್ಚಿಕೊಂಡಿತು. ಮೊದಲು ಉಗುರು, ಆಮೇಲೆ ಬೆರಳು, ಆಮೇಲೆ ಮುಂಗೈ. ಬಿಸಿ ಬೂದಿಯಲ್ಲಿ ಹೂತಿಟ್ಟಂತೆ. ಬೇರೆ ಯಾವತ್ತಾದರೂ ಆಗಿದ್ದರೆ ಎದ್ದು ಓಡಿಹೋಗಿ ನೀರಿನಲ್ಲಿ ಅದ್ದುತ್ತಿದ್ದೆ. ಈಗ ಬೆರಳು ಮಡಚುವಂತಿಲ್ಲ, ಅಂಗೈಯಲ್ಲಿ ತಲೆ ಇದೆ.

ಪುಕ್ಕಟ ಎಂದಿದ್ದರು ಡಾಕ್ಟರು. ಅವರು ತಪ್ಪು ಹೇಳಿರಲಿಲ್ಲ. ಬಿಸುಪು ಎದೆಯಿಂದ ತಾನೇ ಹೋಗುತ್ತಿತ್ತು, ನಾನೇನೂ ಮಾಡಬೇಕಿರಲಿಲ್ಲ. ಅಲುಗದೆ ಕೂಡ್ರುವುದಷ್ಟೇ ನನ್ನ ಪಾಲು. ಅದೇ ಆಗುತ್ತಿರಲಿಲ್ಲ.

ಹನ್ನೆರಡಕ್ಕೆ ಜಾಹೀದಾ ಕೂಸಿನ ಕಂಕುಳಲ್ಲಿ ಜ್ವರದ ಕಡ್ಡಿ ಇಟ್ಟು ನೋಡಿದಳು. "ಇನ್ನೂ ಕಡಿಮಿ ಐತಿ." ಒಂದು ಗಂಟೆಗೆ ಮತ್ತೆ ನೋಡಿದಳು. ಕಟ್ಟಿದ ಬಟ್ಟೆಯನ್ನು ಇನ್ನಷ್ಟು ಬಿಗಿದಳು.

ಉಡಚವ್ವ ಬಾಗಿಲಲ್ಲಿ ನಿಂತು ಕೂಸಿನ ಬೆನ್ನು ಏರಿಳಿಯುವುದನ್ನೇ ನೋಡುತ್ತಿದ್ದಳು. ಒಮ್ಮೆಲೆ ಕೂಗಿದಳು, "ನಿಂತೈತಿ! ಬೀಗತಿ, ಬೆನ್ನು ನಿಂತೈತಿ!"

ನನ್ನ ಎದೆಯ ಮೇಲಿನ ಸಣ್ಣ ಮಿಡಿತ ಇರಲಿಲ್ಲ. ಅಂಗಾಲಿಗೆ ತಟ್ಟಿದೆ. ಇನ್ನೊಮ್ಮೆ ತಟ್ಟಿದೆ. ಕೈ ಉರಿಯುತ್ತಿದ್ದುದರಿಂದ ಮೆಲ್ಲಗೆ ತಟ್ಟಿದೆನೋ ಜೋರಾಗಿ ತಟ್ಟಿದೆನೋ ಗೊತ್ತಾಗಲಿಲ್ಲ. ಮೂರನೇ ಸಲಕ್ಕೆ ಕೂಸು ಬಿಕ್ಕಿ ಉಸಿರು ಎಳೆಯಿತು. ನಾವಿಬ್ಬರೂ ಅದರ ಜೊತೆಗೇ ಉಸಿರು ಬಿಟ್ಟೆವು.

"ಅಳಬ್ಯಾಡ್ರಿ," ಅಂದಳು ಉಡಚವ್ವ ಸ್ವಲ್ಪ ಹೊತ್ತಿಗೆ.

"ಅಳಾಕತ್ತಿಲ್ಲ. ಕೈ ಉರಿಯಾಕತ್ತಾವ."

ಗವಸಿನ ಅಂಚಿನ ಮೇಲೆ ಕೆಂಪಗೆ ಉಬ್ಬಿದ ನನ್ನ ಮೊಣಕೈ ನೋಡಿದಳು. ಹೊರಗೆ ನಡೆದಳು. ಎದುರಿನ ಖಾನಾವಳಿಯಿಂದ ಒಂದು ಪಾತೇಲಿ ಮೊಸರು ತಂದಳು. ಬಾಯಿಗೆ ಸೆರಗು ಬಿಗಿದು, ಕೈ ತೊಳೆದು, ಜಾಹೀದಾಳನ್ನು ಕೇಳಿದಳು: "ಮಾರಿ ಆ ಕಡೆ ಹೊಳ್ಳಿಸಿ ಕುಂದ್ರತೇನ್ರಿ. ಬರೇ ಕೈ ಒಂದು ಕೂಸಿನ ತಲಿ ಹಿಂದ ಹಿಡದ್ರ ನಡೀತೈತೇನು?"

ಜಾಹೀದಾ ಒಪ್ಪಿದಳು. ಉಡಚವ್ವ ಗೋಡೆಗೆ ಮುಖ ಮಾಡಿ ಕೈ ಹಿಂದಕ್ಕೆ ಚಾಚಿ ತಲೆ ಹಿಡಿದಳು, ಕೆಮ್ಮು ಬಂದಾಗ ಭುಜ ಅಲುಗದಂತೆ ಗಂಟಲಲ್ಲೇ ನುಂಗಿದಳು. ಜಾಹೀದಾ ನನ್ನ ಒಂದು ಗವಸು ಬಿಚ್ಚಿ ಕೈಯನ್ನು ಮೊಸರಿನಲ್ಲಿ ಅದ್ದಿದಳು. ಆಮೇಲೆ ಒರೆಸಿ ಹೊಸ ಗವಸು. ಆಮೇಲೆ ಇನ್ನೊಂದು ಕೈ. ಸಂಜೆಯ ತನಕ ಹೀಗೆ ನಾಲ್ಕು ಸಲ ನಡೆಯಿತು.

"ಹೊನ್ನಕ್ಕ," ಅಂದಳು ಉಡಚವ್ವ ಗೋಡೆಗೆ, "ನಾ ಮುಂಜಾನೆ ಆಡಿದ ಮಾತು ಮರತುಬಿಡು."

"ಯಾವ ಮಾತು? ನೀ ಬಾಳ ಆಡಿದಿ."

ಸೆರಗಿನೊಳಗೆ ನಕ್ಕಳು, ನಗು ಕೆಮ್ಮಾಯಿತು.

ಐದಕ್ಕೆ ಜಾಹೀದಾ ಕಡ್ಡಿಯನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದಳು. "ಬಂತು ನೋಡ್ರಿ. ಎಷ್ಟಿರಬೇಕೋ ಅಷ್ಟ ಐತಿ." ಪೆಟ್ಟಿಗೆ ಖಾಲಿಯಾಗಿತ್ತು. ಕೂಸನ್ನು ಬಿಚ್ಚಿ ತಗೊಂಡಾಗ ನನ್ನ ಎದೆಗೆ ಚಳಿ ಹೊಡೆಯಿತು. ಅಷ್ಟರಲ್ಲಿ ಶಂಭುಲಿಂಗ ರಕ್ತ ತಂದ. ಶೈಲಾ ಮರುದಿನ ಮಧ್ಯಾಹ್ನ ಕಣ್ಣು ತೆರೆದಳು.

ಆರನೇ ದಿನ ಪೆಟ್ಟಿಗೆಯಿಂದ ತೆಗೆದು ಕೂಸನ್ನು ಶೈಲಾಳ ಪಕ್ಕದಲ್ಲಿ ಮಲಗಿಸಿದರು. ಗಲ್ಲದ ಕೆಂಪು ಇಳಿದಿತ್ತು.

"ಎತ್ತಿಕೋ ಅವ್ವಾ," ಅಂದಳು ಶೈಲಾ.

ಕೈ ಸೆರಗಿನಲ್ಲಿ ಸುತ್ತಿಕೊಂಡೆ. ಆರು ದಿನ ಮೆಣಸಿನಕಾಯಿ ಮುಟ್ಟಿರಲಿಲ್ಲ, ದಿನಾ ಮೊಸರು, ಎಣ್ಣೆ, ಬೂದಿ. ಆದರೂ ಹೋಗಿದೆ ಎಂದು ಹೇಗೆ ಹೇಳುವುದು? ನನ್ನ ಕಣ್ಣನ್ನು ನಂಬುವಂತಿರಲಿಲ್ಲ.

ಉಡಚವ್ವ ಸ್ಟೂಲು ಎಳೆದುಕೊಂಡು ನನ್ನೆದುರು ಕೂತು ಮುಖ ಮುಂದೆ ಮಾಡಿದಳು. "ನನ್ನ ಕಣ್ಣಿಗೆ ಹಚ್ಚು. ಇವು ಖಾರ ಕಂಡಿಲ್ಲ."

"ಹುಚ್ಚಿ, ಉರೀತೈತಿ."

"ಉರದ್ರ ನನಗ ಉರೀತೈತಿ. ಹಚ್ಚು."

ಬೆರಳು ಒತ್ತಿದೆ. ಮೊದಲು ರೆಪ್ಪೆ ಪಟಪಟ ಬಡಿದಳು. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿದಳು, ನೀರು ಸುರಿಯಿತು. "ಐತಿ, ಯವ್ವಾ, ಇನ್ನೂ ಐತಿ," ಎನ್ನುತ್ತ ನಳದ ಕಡೆ ನಡೆದಳು. ಶೈಲಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಏಳನೇ ದಿನವೂ ಕೂತಳು. ಏಳನೇ ದಿನವೂ ಎದ್ದು ನಳಕ್ಕೆ ಹೋದಳು. ಎಂಟನೇ ದಿನ ಎಡಗಣ್ಣು ಕೆಂಪಾಗಿತ್ತು ಎಂದು ಬಲಗಣ್ಣು ಕೊಟ್ಟಳು.

ಒಂಬತ್ತನೇ ದಿನ ಬೆರಳು ಒತ್ತಿ ಕಾದೆ. ಶೈಲಾ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾದಳು. ಉಡಚವ್ವ ನನ್ನನ್ನೇ ನೋಡುತ್ತಿದ್ದಳು. ಹೊರಗೆ ಬಸ್ಸೊಂದು ಹಾರ್ನು ಹೊಡೆದು ಹೋಯಿತು. ಅವಳು ಕಣ್ಣು ಮುಚ್ಚಲಿಲ್ಲ.

"ಎತ್ತಿಕೋ," ಅಂದಳು.