ಹಾಗೇ ಆಗಲಿ

ಸೌಮ್ಯಶ್ರೀ ಅಡುಗೆಮನೆಯ ನೆಲದಲ್ಲಿ ಕೂತು ಬೆಲ್ಲ ಹೆರೆಯುತ್ತಿದ್ದಳು. ಚೂರಿ ಬೆಲ್ಲದ ಅಚ್ಚಿನ ಮೇಲೆ ಜಾರುವ ಸದ್ದು ಬಿಟ್ಟರೆ ಏಸಿಯ ಗುಂಯ್ ಎನ್ನುವ ಸದ್ದೊಂದೇ. ಪಂಚಕಜ್ಜಾಯಕ್ಕೆ ಕಡಲೆ ಹುರಿದು ಪುಡಿ ಮಾಡಿಯಾಗಿತ್ತು, ಕಾಯಿ ತುರಿದಾಗಿತ್ತು. ಎಷ್ಟು ಜನಕ್ಕೆ ಬೇಕಾದೀತು ಎಂಬುದು ಮಾತ್ರ ಗೊತ್ತಾಗಲಿಲ್ಲ. ಕೇಳೋಣವೆಂದರೆ ಯಾರನ್ನು ಕೇಳುವುದು? ಸ್ವಲ್ಪ ಯೋಚಿಸಿ ಇನ್ನೊಂದು ಅಚ್ಚನ್ನೂ ಒಡೆದಳು.

ಕಡಲಾಚೆಯ ಈ ಅರಬ್ ದೇಶದಲ್ಲಿ, ಸೊಹಾರಿನ ತುಳುವರ ಮನೆಗಳಲ್ಲಿ ಪ್ರತಿ ಶುಕ್ರವಾರ ಸಂಜೆ ಸರದಿಯ ಮೇಲೆ ಭಜನೆ. ಈ ವಾರ ಅವರ ಮನೆಯದೆಂದು ಬಹಳ ಹಿಂದೆಯೇ ನಿಶ್ಚಯವಾಗಿತ್ತು. ಗಂಡ ಲತೇಶನನ್ನು ಪೊಲೀಸರು ಕರೆದುಕೊಂಡು ಹೋದದ್ದು ಮಂಗಳವಾರ. ಆಮೇಲೆ ಭಜನೆ ಬೇಡವೆಂದು ಯಾರೂ ಹೇಳಲಿಲ್ಲ, ಬರುತ್ತೇವೆಂದೂ ಹೇಳಲಿಲ್ಲ.

ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಪಕ್ಕದ ವಿಶ್ರಾಂತಿ ಕೋಣೆಯ ಏಸಿ ಬೇಸಿಗೆಯಿಡೀ ಕೆಟ್ಟಿತ್ತು. ಗುತ್ತಿಗೆಯ ಕೆಲಸಗಾರನೊಬ್ಬ ಅಲ್ಲೇ ಬಿದ್ದು ಆಸ್ಪತ್ರೆ ಸೇರಿದ ಮೇಲೆ ಯೂನಿಯನ್ನಿನ ಖಲ್ಫಾನ್, ಡ್ಯೂಟಿ ಮುಗಿದ ಮೇಲೆ ಎಲ್ಲರೂ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ ಎಂದಿದ್ದ. ಅವನು ಈ ದೇಶದವನೇ. ಲತೇಶ್ ಅದನ್ನು ತುಳುವಿನಲ್ಲಿ ಹೇಳಿ ರೆಕಾರ್ಡ್ ಮಾಡಿ, ಭಜನೆಯ ವಾಟ್ಸಾಪ್ ಗುಂಪಿಗೆ ಹಾಕಿದ. ಅಲ್ಲಿ ಹೊರಗಿನವರು ಯಾರಿದ್ದಾರೆ ಎಂದುಕೊಂಡಿದ್ದ. ಹಲವರು ಕೈಮುಗಿದ ಚಿತ್ರ ಕಳಿಸಿ ಆಯಿತು ಎಂದಿದ್ದರು. ಈಗ ಆ ಧ್ವನಿ ಪೊಲೀಸರ ಹತ್ತಿರ ಇದೆಯಂತೆ. ಅವನನ್ನು ಹಿಡಿದ ಮರುದಿನದಿಂದ ಒಬ್ಬೊಬ್ಬರೇ ಗುಂಪು ಬಿಟ್ಟು ಹೋದದ್ದನ್ನು ಸೌಮ್ಯಶ್ರೀ ತನ್ನ ಫೋನಿನಲ್ಲಿ ನೋಡುತ್ತ ಕೂತಿದ್ದಳು.

ಅವಳಿಗೆ ಇದೆಲ್ಲ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಅವಳ ಅಮ್ಮ ಬೀಡಿ ಕಟ್ಟುವವಳು. ಊರಲ್ಲಿ ಮುಷ್ಕರವೆಂದರೆ ಅಮ್ಮ ಮೆರವಣಿಗೆಗೆ ಹೋಗಿ ಬಂದು, ಸಂಜೆ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುವ ದಿನ. ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಅವಳೂ ಒಮ್ಮೆ ಹೋಗಿದ್ದಳು. ಪೊಲೀಸರು ಮರದ ಕೆಳಗೆ ಕೂತು ಶರಬತ್ತು ಕುಡಿಯುತ್ತಿದ್ದರು.

ಕಂಪನಿಯವರು ಕೊಟ್ಟ ದೂರಿನ ಪ್ರಕಾರ ಲತೇಶ್ ಡ್ಯೂಟಿಯ ನಡುವೆ ಕುಲುಮೆ ಬಿಟ್ಟು ಬಂದು ಕೆಲಸ ನಿಲ್ಲಿಸಿದ್ದಾನೆ. ಆದರೆ ಅವನು ಮನೆಗೆ ಬರುವ ಬಸ್ಸು ಹತ್ತಿ ಕೂತಾಗಿತ್ತು. ಖಲ್ಫಾನ್ ಕರೆದಾಗ, "ನನ್ನ ಸೀಟು ಹಿಡ್ಕೊಳ್ಳೋ, ಈಗ ಬಂದೆ," ಎಂದು ಜೊತೆ ಕೆಲಸದ ಸುಕೇಶನಿಗೆ ಹೇಳಿ ಇಳಿದಿದ್ದ. ಬೇರೆ ಯಾರೂ ಇಳಿಯಲಿಲ್ಲ. ಬಸ್ಸು ಹೊರಟಿತು. ಸೀಟಿನಲ್ಲಿದ್ದ ಬುತ್ತಿಚೀಲವನ್ನು ಸುಕೇಶನೇ ತಂದು ಕೊಟ್ಟದ್ದು. ಬಾಗಿಲಲ್ಲೇ ನಿಂತು, "ಸೀಟು ಹಿಡಿದೇ ಇಟ್ಟಿದ್ದೆ ಸೌಮ್ಯ," ಎಂದು ಎರಡೆರಡು ಸಲ ಹೇಳಿದ್ದ.

ನಿನ್ನೆ ಖಲ್ಫಾನನ ತಮ್ಮ ಫೋನ್ ಮಾಡಿ ಹಿಂದಿಯಲ್ಲಿ ವಿಷಯ ತಿಳಿಸಿದ. ಪೊಲೀಸರು ಒಯ್ದ ಅಣ್ಣನ ಸುದ್ದಿ ಅವನಿಗೂ ಇಲ್ಲ. ಲತೇಶನದು ಮಾತ್ರ ಇನ್ನೂ ಕೈಮೀರಿಲ್ಲ. ಬಸ್ಸಿನಲ್ಲಿದ್ದವರಲ್ಲಿ ಇಬ್ಬರು ಆದಿತ್ಯವಾರ ಬೆಳಿಗ್ಗೆ ಸ್ಟೇಷನಿಗೆ ಬಂದು, ಅವನ ಡ್ಯೂಟಿ ಮುಗಿದಿತ್ತೆಂದು ಹೇಳಿದರೆ ಬಿಟ್ಟಾರು. ಇಲ್ಲದಿದ್ದರೆ ಕೋರ್ಟು, ಜೈಲು. "ಫಿರ್ ಖಲಾಸ್," ಎಂದು ಅವನು ಫೋನ್ ಇಟ್ಟಿದ್ದ.

ಕತ್ತಲಾಗುವ ಹೊತ್ತಿಗೆ ಜನ ಬಂದರು. ಅರ್ಧಕ್ಕರ್ಧ ಚಾಪೆ ಖಾಲಿ ಉಳಿಯಿತು. ಹಿರಿಯ ಸೇಸಪ್ಪಣ್ಣ ಹಾರ್ಮೋನಿಯಂ ಹಿಡಿದುಕೊಂಡೇ ಬಂದ. ಸುಕೇಶ್ ಗೋಡೆಗೆ ಒರಗಿ ಕೂತ. ಅದೇ ಬಸ್ಸಿನ ಇನ್ನೂ ನಾಲ್ಕೈದು ಮಂದಿ ಇದ್ದರು. ಮೊದಲೆಲ್ಲ ಬಂದ ಕೂಡಲೇ ಒಬ್ಬರನ್ನೊಬ್ಬರು ಗೇಲಿ ಮಾಡುತ್ತಿದ್ದವರು ಇಂದು ಬಿಸಿಲಿನ ಸುದ್ದಿ ಮಾತಾಡಿದರು. ಯಾರೋ ಎದ್ದು ಕಿಟಕಿ ಹಾಕಿದರು.

ಸೇಸಪ್ಪಣ್ಣನ ಹೆಂಡತಿ ವಾರಿಜಾಕ್ಷಿ ನೇರ ಅಡುಗೆಮನೆಗೆ ಬಂದಳು. ಪಂಚಕಜ್ಜಾಯದ ಪಾತ್ರೆ ನೋಡಿ, "ಇಷ್ಟೆಲ್ಲ ಯಾಕೆ ಮಾಡ್ಲಿಕ್ಕೆ ಹೋದದ್ದು?" ಎಂದಳು.

ಸೌಮ್ಯಶ್ರೀ ಆದಿತ್ಯವಾರದ ವಿಷಯ ಹೇಳಿದಳು. ವಾರಿಜಕ್ಕನಿಗೆ ಅದು ಮೊದಲೇ ಗೊತ್ತಿತ್ತು.

"ಗಂಡಸರ ಹತ್ರ ಕೇಳ್ಬೇಡ ಮಾರಾಯ್ತಿ," ಎಂದು ಸ್ವರ ತಗ್ಗಿಸಿದಳು. "ಇಲ್ಲ ಅಂತ ಹೇಳ್ಲಿಕ್ಕೆ ಅವರಿಗೂ ಕಷ್ಟ ಆಗ್ತದೆ. ನಮ್ಮವರು ಬರುದೇ ಬೇಡ ಅಂತ ಇದ್ದರು, ನಾನೇ ಎಬ್ಬಿಸಿ ತಂದದ್ದು."

"ಸುಳ್ಳು ಹೇಳ್ಲಿಕ್ಕೆ ಅಲ್ಲ ಅಕ್ಕ. ನೋಡಿದ್ದನ್ನು ಹೇಳ್ಲಿಕ್ಕೆ."

"ಅದೇ ಅಲ್ವಾ ಈಗ ಕಷ್ಟ." ವಾರಿಜಕ್ಕ ಸೆರಗಿನಿಂದ ಅವಳ ಕೆನ್ನೆಗೆ ಅಂಟಿದ್ದ ಬೆಲ್ಲ ಒರಸಿ, ಪಾತ್ರೆ ಎತ್ತಿಕೊಂಡು ಹೊರಗೆ ಹೋದಳು.

ಭಜನೆ ಮೆಲ್ಲಗೆ ನಡೆಯಿತು. ತಾಳಗಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಹೊಡೆದರು. ಲತೇಶ್ ಎತ್ತರದ ದನಿಯಲ್ಲಿ ಹಿಡಿಯುತ್ತಿದ್ದ ಸಾಲು ಬಂದಾಗ ಹಾರ್ಮೋನಿಯಂ ಒಂದೇ ನುಡಿಯಿತು. ಅವನ ಬುತ್ತಿಚೀಲ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಸುಕೇಶ್ ಅತ್ತ ನೋಡದೆ ಕೂರಲು ಪಡುತ್ತಿದ್ದ ಕಷ್ಟವನ್ನು ಸೌಮ್ಯಶ್ರೀ ಅಡುಗೆಮನೆಯ ಬಾಗಿಲಿನಿಂದ ಕಂಡಳು.

ಮಂಗಳಾರತಿಯಾಗಿ ಎಲ್ಲರೂ ಕೈಮುಗಿದು ನಿಂತರು. ಇನ್ನು ಪ್ರಾರ್ಥನೆ. ಇದನ್ನು ಮಾಡುವವನು ಯಾವಾಗಲೂ ಸೇಸಪ್ಪಣ್ಣನೇ. ಆಯಾ ಮನೆಯವರ ಹೆಸರು ಹಿಡಿದು, ಅವರಿಗೆ ಬೇಕಾದದ್ದನ್ನು ದೇವರ ಮುಂದೆ ಬಿಡಿಸಿ ಹೇಳುತ್ತಿದ್ದ. ಒಂದೊಂದಕ್ಕೂ ಉಳಿದವರು "ಹಾಗೇ ಆಗಲಿ" ಎನ್ನಬೇಕು. ಸುಕೇಶನ ಹೆಂಡತಿಯ ವೀಸಾ ಬೇಗ ಬರಲಿ ಎಂದು ಅವನು ಬೇಡಿದ ತಿಂಗಳಲ್ಲೇ ವೀಸಾ ಬಂದಿತ್ತು. ಲತೇಶನ ಡ್ರೈವಿಂಗ್ ಟೆಸ್ಟ್ ಈ ಸಲವಾದರೂ ಪಾಸಾಗಲಿ ಎಂದಾಗ ಎಲ್ಲರೂ ನಕ್ಕು, ನಗುತ್ತಲೇ ಹಾಗೇ ಆಗಲಿ ಎಂದಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಲತೇಶನೇ.

ಸೇಸಪ್ಪಣ್ಣ ಕಣ್ಣು ಮುಚ್ಚಿದ. ಬಂದವರ ಆರೋಗ್ಯ ಬೇಡಿದ, ಮಕ್ಕಳ ಓದು ಬೇಡಿದ. ಆಮೇಲೆ ಸ್ವಲ್ಪ ತಡೆದು, "ಈ ಮನೆಗೆ ಬಂದ ಕಷ್ಟ ದೂರ ಆಗಲಿ," ಎಂದ.

"ಹಾಗೇ ಆಗಲಿ," ಎಂದರು ಎಲ್ಲರೂ. ಈ ಸಲ ದನಿ ಸ್ವಲ್ಪ ದೊಡ್ಡದಾಗಿಯೇ ಇತ್ತು.

ಸೌಮ್ಯಶ್ರೀ ಹೆಸರಿಗಾಗಿ ಕಾದಳು. ಸೇಸಪ್ಪಣ್ಣ ಪ್ರಸಾದದ ಪಾತ್ರೆಗೆ ಬಗ್ಗಿದ.

"ಒಂದು ಬಾಕಿ ಉಂಟು ಸೇಸಪ್ಪಣ್ಣ."

ಅವಳ ದನಿಯನ್ನು ಅಲ್ಲಿದ್ದ ಗಂಡಸರಲ್ಲಿ ಕೆಲವರು ಮೊದಲ ಸಲ ಕೇಳಿದ್ದು. ಸೇಸಪ್ಪಣ್ಣ ಬಗ್ಗಿದವನು ಹಾಗೆಯೇ ನಿಂತ. ಅವಳು ಕೈಮುಗಿದುಕೊಂಡೇ ಇದ್ದಳು. ಯಾರ ಮುಖವನ್ನೂ ನೋಡದೆ ದೇವರ ಪಟದ ಗಾಜನ್ನು ನೋಡಿದಳು. ಅದರಲ್ಲಿ ಎಲ್ಲರೂ ಚಿಕ್ಕದಾಗಿ ಕಾಣುತ್ತಿದ್ದರು.

"ಲತೇಶ್ ಬಸ್ಸು ಹತ್ತಿ ಆಗಿತ್ತು," ಎಂದಳು. ಹಿರಿಯರ ಎದುರು ಅವಳು ಎಂದೂ ಗಂಡನ ಹೆಸರು ಹೇಳಿದವಳಲ್ಲ. "ಚೀಲ ಸೀಟಲ್ಲಿ ಇತ್ತು. ಆದಿತ್ಯವಾರ ಬೆಳಿಗ್ಗೆ ನನ್ನೊಟ್ಟಿಗೆ ಸ್ಟೇಷನಿಗೆ ಬಂದು, ಅಷ್ಟು ಹೇಳಿ."

ಮುಗಿದ ಕೈಗಳನ್ನು ಯಾರೂ ಇಳಿಸಲಿಲ್ಲ. ಆರತಿ ತಟ್ಟೆಯಲ್ಲಿ ಕರ್ಪೂರ ಸಣ್ಣದಾಗಿ ನೀಲಿಗೆ ತಿರುಗಿತು. ಹೊರಗೆ ರಸ್ತೆಯಲ್ಲಿ ಕಂಪನಿಯ ಬಸ್ಸೊಂದು ನಿಂತು, ಯಾರನ್ನೋ ಹತ್ತಿಸಿಕೊಂಡು ಹೋಯಿತು. ಗಾಜಿನಲ್ಲಿ ಸುಕೇಶ್ ತಲೆ ತಗ್ಗಿಸಿದ್ದು ಕಂಡಿತು.

"ಇಬ್ಬರು ಸಾಕು," ಎಂದಳು.